ಜಾಲ್ಸೂರಿನಿಂದ ಈಚೆ

ಲುಂಗಿ ಉಡಲು ಜಯಪ್ರಕಾಶನ ಕೈಗಳಿಗೆ ಆಗುತ್ತಿರಲಿಲ್ಲ. ಎರಡು ಸಲ ಸುತ್ತಿದ, ಎರಡು ಸಲವೂ ಜಾರಿತು. ಕೊನೆಗೆ ಶಾನವಾಝನ ಅಣ್ಣ ಝಾಕಿರನೇ ಅದನ್ನು ಅವನ ಸೈಕಲ್ ಚಡ್ಡಿಯ ಮೇಲೆ ಸುತ್ತಿ ಸೊಂಟದಲ್ಲಿ ಬಿಗಿಯಾಗಿ ಸಿಕ್ಕಿಸಿದ.

“ಆ ಚಡ್ಡಿಯಲ್ಲಿ ಮಸೀದಿಯ ಉಸ್ತಾದರ ಎದುರು ನಿಲ್ಲುದು ಬೇಡ ಮಾರಾಯ. ಇದು ಇರ್ಲಿ.”

“ಯಾರದ್ದು ಝಾಕಿರಣ್ಣ?”

“ಅವನದ್ದೇ.”

ಜಯಪ್ರಕಾಶ ಕೆಳಗೆ ನೋಡಿದ. ನೀಲಿ ಚೌಕಗಳ ಲುಂಗಿ. ಶಾನವಾಝ್ ಅದನ್ನು ಉಟ್ಟದ್ದು ಅವನು ಒಮ್ಮೆಯೂ ನೋಡಿರಲಿಲ್ಲ. ನಾಲ್ಕು ವರ್ಷಗಳ ಆದಿತ್ಯವಾರಗಳಲ್ಲಿ ಇಬ್ಬರೂ ಜೊತೆಗೆ ಸೈಕಲ್ ತುಳಿದಿದ್ದರು. ಗುತ್ತಿಗಾರಿನಿಂದ ಬರುವ ಜಯಪ್ರಕಾಶ ಜಾಲ್ಸೂರಿನಲ್ಲಿ ಸೇರುವುದು, ಜಾಲ್ಸೂರಿನಲ್ಲೇ ಬೀಳ್ಕೊಳ್ಳುವುದು. ಈ ಮನೆಗೆ ಬಂದದ್ದು ಇವತ್ತೇ ಮೊದಲು, ಆಂಬುಲೆನ್ಸಿನಲ್ಲಿ.

ಒಳಕೋಣೆಯ ಪರದೆಯ ಹಿಂದೆ ಮುಹ್ಸಿನಾ ಚಾಪೆಯ ಮೇಲೆ ಕೂತಿದ್ದಳು. ಬೆಳಿಗ್ಗೆ ಹನ್ನೊಂದರವರೆಗೆ ಅವಳು ಶಾನವಾಝನ ಹೆಂಡತಿ. ಆಮೇಲೆ ಯಾರೋ ಬಳೆ ತೆಗೆದರು, ಯಾರೋ ಬಿಳಿ ಶಾಲು ಹೊದಿಸಿದರು. ಮನೆಯ ಹಿಂದೆ ಟಾರ್ಪಾಲು ಕಟ್ಟಿ ಅವನ ದೇಹವನ್ನು, ಮಯ್ಯತ್ತನ್ನು, ಮೀಯಿಸುತ್ತಿದ್ದರು. ನೀರು ಸುರಿಯುವ ಸದ್ದು ಬರುತ್ತಿತ್ತು. ಸಂಜೆಯ ಅಸರ್ ನಮಾಝಿನ ಹೊತ್ತಿಗೆ ಮಸೀದಿಗೆ ಒಯ್ಯುವುದೆಂದು ನಿಶ್ಚಯವಾಗಿತ್ತು. ಹೆಂಗಸರು ಕಬರಿನ ಬಳಿ ಹೋಗುವ ರೂಢಿಯಿಲ್ಲ. ಅವಳಿಗಂತೂ ಇವತ್ತಿನಿಂದ ಇದ್ದತ್. ನಾಲ್ಕು ತಿಂಗಳು ಹತ್ತು ದಿನ ಅಂಗಳ ದಾಟುವ ಹಾಗಿಲ್ಲ.

ಅವಳಿಗೆ ಅಳು ಬಂದಿರಲಿಲ್ಲ. ಪಕ್ಕದಲ್ಲಿ ಅತ್ತೆ ಝೈನಬ ತಸ್ಬೀಹ್ ಮಣಿಗಳನ್ನು ಎಣಿಸುತ್ತಿದ್ದರು.

ಪರದೆಯ ಆಚೆ ಏನೋ ಸಣ್ಣಗೆ ಬೀಪ್ ಎಂದಿತು. ಆ ಸದ್ದು ಅವಳಿಗೆ ಗೊತ್ತಿತ್ತು.

“ಅಕ್ಕ,” ಜಯಪ್ರಕಾಶ ಹೊರಗಿನಿಂದಲೇ ಕರೆದ. “ಇದು ಶಾನಣ್ಣನ ಸೈಕಲಿನ ಮೀಟರ್. ಅವ ರಸ್ತೆಗೆ ಬಿದ್ದಾಗ ನಾನೇ ತೆಗೆದು ಕಿಸೆಗೆ ಹಾಕಿದ್ದು. ಆಫ್ ಮಾಡ್ಲಿಕ್ಕೆ ನೆನಪೇ ಆಗ್ಲಿಲ್ಲ. ಈಗಲೂ ಓಡ್ತಾ ಉಂಟು.”

ಅವಳು ಕೈ ಚಾಚಿ ತೆಗೆದುಕೊಂಡಳು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ನೂರ ಅರವತ್ತೈದು ಕಿಲೋಮೀಟರ್ ಎಂದು ತೋರಿಸುತ್ತಿತ್ತು.

“ಎಂಬತ್ತೈದು ಶಾನಣ್ಣನದ್ದು. ಬಾಕಿದ್ದು ಆಂಬುಲೆನ್ಸಿನದ್ದು. ಟಾಪ್ ಸ್ಪೀಡ್ ತೊಂಬತ್ತೊಂದು ಬಿದ್ದಿದೆ. ಶಾನಣ್ಣ ನೋಡಿದ್ರೆ ಕಳ್ಳಾಟ ಅಂತ ಬೈತಿದ್ದ.”

ಮುಹ್ಸಿನಾ ಮೀಟರಿನಲ್ಲಿ ನಕ್ಷೆ ತೆರೆದಳು. ಹೋದ ದಾರಿಯ ಗೆರೆ ಜಾಲ್ಸೂರಿನಿಂದ ಹೊರಟು ಸಮುದ್ರ ಮುಟ್ಟಿ ತಿರುಗಿತ್ತು. ಮುಳ್ಳೇರಿಯ ದಾಟಿದಲ್ಲಿ ಒಂದೆಡೆ ನಿಂತಿತ್ತು. ಅಲ್ಲಿಂದ ಹಿಂದಕ್ಕೆ ಕಾಸರಗೋಡಿನ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮತ್ತೆ ಜಾಲ್ಸೂರಿಗೆ. ಜಾಲ್ಸೂರಿನಲ್ಲಿ ಅದು ನಿಂತಿರಲಿಲ್ಲ. ಪೇಟೆ ದಾಟಿ, ಮಸೀದಿ ದಾಟಿ, ಅವರ ಮನೆಯ ಅಂಗಳಕ್ಕೇ ಬಂದಿತ್ತು.

*

ವಾರದ ಆರು ದಿನ ಶಾನವಾಝ್ ಪುತ್ತೂರಿನ ಬೇಕರಿಯೊಂದರ ವ್ಯಾನ್ ಓಡಿಸುತ್ತಿದ್ದ. ಒಂದು ದಿನ ಕಡಬದ ಲೈನು, ಒಂದು ದಿನ ಸುಳ್ಯದ ಲೈನು. ಅಂಗಡಿಗಳಿಗೆ ರಸ್ಕು, ಬನ್ನು ಇಳಿಸುವುದು. ಹಳತಾದ ಬ್ರೆಡ್ ವಾಪಸು ಹಾಕಿಕೊಳ್ಳುವುದು. ಏಳನೆಯ ದಿನ ಸೈಕಲ್.

“ವಾರವಿಡೀ ತಿರುಗಿದ್ದು ಸಾಕಾಗುದಿಲ್ವಾ ನಿಂಗೆ?” ಎಂದು ಝೈನಬ ಕೇಳುವುದಿತ್ತು. “ಪೆಟ್ರೋಲ್ ಹಾಕಿ ಹೋದ ರಸ್ತೆಗೆ ಬೆವರು ಸುರಿಸಿ ಹೋಗುದು. ಬುದ್ಧಿ ಉಂಟಾ?”

“ವ್ಯಾನಿನಲ್ಲಿ ಅಂಗಡಿ ಮಾತ್ರ ಕಾಣುದು ಉಮ್ಮ. ಸೈಕಲಿನಲ್ಲಿ ನೀರು ಕಾಣ್ತದೆ.”

ಅವನ ಮೆಚ್ಚಿನ ದಾರಿ ಒಂದೇ. ಮಂಡೆಕೋಲಿನ ಮೇಲಾಗಿ ಆದೂರು, ಮುಳ್ಳೇರಿಯ, ಚೆರ್ಕಳ. ಪಯಸ್ವಿನಿಯ ಕಣಿವೆಯಲ್ಲೇ ಇಳಿಯುತ್ತಾ, ಅದು ಗಡಿಯಾಚೆ ಚಂದ್ರಗಿರಿಯಾಗಿ ಸಮುದ್ರ ಸೇರುವ ಕಡೆಯ ಸೇತುವೆಯವರೆಗೆ. ಅಲ್ಲಿ ಒಂದು ಫೋಟೊ. ಮತ್ತೆ ಏರು.

ಅವನು ಮೀಯಲು ಹೋದಾಗ ಮುಹ್ಸಿನಾ ಮೀಟರ್ ಎತ್ತಿಕೊಂಡು ಆ ದಿನದ ಗೆರೆ ನೋಡುತ್ತಿದ್ದಳು. ಅದು ಸಮುದ್ರದಿಂದ ಹತ್ತಿ ಹತ್ತಿ ಬಂದು ಜಾಲ್ಸೂರು ಪೇಟೆಯಲ್ಲಿ ಮುಗಿಯುತ್ತಿತ್ತು. ಮನೆಗೆ ಇನ್ನೂ ಒಂದೂವರೆ ಕಿಲೋಮೀಟರ್. ಎಲ್ಲ ವಾರವೂ ಅಲ್ಲಿಗೇ. ಅದು ಮುಗಿದ ಅರ್ಧ ಗಂಟೆಯ ಮೇಲೆ ಅವನು ಮನೆಗೆ ಬರುತ್ತಿದ್ದ.

ಒಮ್ಮೆ ಕೇಳಿದಳು. “ಯಾಕೆ ಅಲ್ಲೇ ನಿಲ್ಲಿಸುದು?”

“ಅಲ್ಲಿಂದ ಈಚೆ ರೈಡ್ ಅಲ್ಲ ಮಾರಾಯ್ತಿ. ಮನೆಗೆ ಬರುದು.”

“ಮನೆಗೆ ಬರ್ಲಿಕ್ಕೆ ಅರ್ಧ ಗಂಟೆಯಾ?”

“ಒಂದು ಚಾ ಕುಡಿದು ಸ್ವಲ್ಪ ಕೂತುಕೊಳ್ತೇನೆ. ಅಷ್ಟೇ.”

ಚಾ ಮನೆಯಲ್ಲೂ ಇತ್ತು. ಅದನ್ನು ಅವಳು ಹೇಳಲಿಲ್ಲ. ಅಲ್ಲಿ ಒಬ್ಬನೇ ಕೂತು ಅವನು ಏನು ಮಾಡುತ್ತಾನೆಂದು ಮದುವೆಯಾದ ಆರು ವರ್ಷಗಳಲ್ಲಿ ಅವಳಿಗೆ ತಿಳಿಯಲಿಲ್ಲ.

*

ಕೊನೆಯ ಸಲ ಮುಖ ನೋಡಲು ಕರೆದರು. ನೋಡಿದಳು. ಬಿಳಿ ಬಟ್ಟೆಯ ನಡುವೆ ಮುಖವಷ್ಟೇ ಕಾಣುತ್ತಿತ್ತು. ಕೆನ್ನೆಯ ಮೇಲೆ ಹೆಲ್ಮೆಟ್ಟಿನ ಪಟ್ಟಿಯ ಗುರುತು. ಪಟ್ಟಿ ಇದ್ದಲ್ಲಿ ಚರ್ಮ ತಿಳಿ, ಉಳಿದೆಡೆ ಬಿಸಿಲಿಗೆ ಕಪ್ಪು. ಎಷ್ಟು ಮೀಯಿಸಿದರೂ ಅದು ಹೋಗಿರಲಿಲ್ಲ.

ಕೋಣೆಗೆ ಮರಳಿ ಮೀಟರ್ ನೋಡಿದಳು. ಚಾರ್ಜ್ ಶೇಕಡ ಹನ್ನೊಂದು. ಅವಳು ಝಾಕಿರನನ್ನು ಪರದೆಯ ಬಳಿಗೆ ಕರೆಸಿದಳು. ಗಂಡನ ಹಾಗೆ ಅವಳೂ ಅವನನ್ನು ಕಾಕ, ಅಣ್ಣ, ಎನ್ನುತ್ತಿದ್ದಳು.

“ಕಾಕ, ಇದನ್ನು ಕಿಸೆಯಲ್ಲಿ ಹಾಕಿಕೊಂಡು ಹೋಗ್ಬೇಕು.”

“ಎಂತಕ್ಕೆ?”

“ಹೋದ ದಾರಿ ಬರೀತದೆ ಅದು.”

“ಮಯ್ಯತ್ ಕೊಂಡು ಹೋಗುವಾಗ ಇದೆಂತ ಆಟ ಮುಹ್ಸಿನಾ? ಈ ಸೈಕಲಿನಿಂದಲೇ ಅವ ಹೋದದ್ದು. ಜನ ಎಂತ ಹೇಳಿಯಾರು?”

“ನಾನು ತಕೊಂಡು ಹೋಗ್ತೇನೆ ಅಕ್ಕ,” ಎಂದ ಜಯಪ್ರಕಾಶ.

“ನೀವು ದೂರದಲ್ಲಿ ನಿಲ್ತೀರಿ. ಕಬರಿಗೆ ಇಳಿಯುದು ಕಾಕ.”

ಅಂಗಳದಲ್ಲಿ ಕುರ್ಚಿ ಎಳೆದ ಸದ್ದು ಕೇಳಿತು.

“ನಂಗೆ ಅಲ್ಲಿಗೆ ಬರ್ಲಿಕ್ಕೆ ಇಲ್ಲ ಕಾಕ. ಎಲ್ಲಿ ಮಲಗಿಸಿದ್ದು ಅಂತ ಗೊತ್ತಾಗ್ಬೇಕು.”

“ಮಸೀದಿಯ ಹಿಂದೆ, ಬಾಪನ ಪಕ್ಕ. ಹೇಳಿದ್ದೇನಲ್ಲ?”

“ಹೇಳಿದ್ದು ಸಾಕಾಗುದಿಲ್ಲ.”

ಝಾಕಿರ್ ತಿರುಗಿ ಹೊರಟ. ಮಣಿ ಎಣಿಸುತ್ತಿದ್ದ ಝೈನಬರ ಕೈ ನಿಂತಿತು.

“ಝಾಕಿರ್.”

“ಎಂತ ಉಮ್ಮ?”

“ನಿನ್ನ ಬಾಪ ಹೋಗಿ ಹದಿನೆಂಟು ವರ್ಷ ಆಯ್ತು. ಇಲ್ಲಿಗೆ ಮಸೀದಿಯ ಬಾಂಗು ಕೇಳ್ತದೆ, ಅಷ್ಟು ಹತ್ತಿರ. ಯಾವ ಮೂಲೆಯಲ್ಲಿ ಮಲಗಿದ್ದು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಯಾರೂ ತೋರಿಸ್ಲಿಲ್ಲ, ನಾನು ಕೇಳ್ಲಿಲ್ಲ. ಅವಳು ಕೇಳ್ತಾ ಇದ್ದಾಳೆ. ಹಾಕು ಕಿಸೆಗೆ.”

ಝಾಕಿರ್ ಪರದೆಯ ಅಂಚಿನಲ್ಲಿ ಕೈ ಒಡ್ಡಿದ. ನೋಡದೆ ತೆಗೆದುಕೊಂಡು, ಅಂಗಿಯ ಎದೆ ಕಿಸೆಗೆ ಹಾಕಿದ.

*

ಅದೇ ದಿನ ಬೆಳಿಗ್ಗೆ ಐದಕ್ಕೆ ಶಾನವಾಝ್ ಎರಡು ಬಾಟಲಿಗಳಿಗೆ ನೀರು ತುಂಬಿಸಿಕೊಂಡಿದ್ದ. ಅವಳು ಹಾಸಿಗೆಯಲ್ಲೇ ಕೇಳಿದ್ದಳು.

“ಎಷ್ಟು ಗಂಟೆಗೆ ಬರುದು?”

“ಹನ್ನೆರಡಕ್ಕೆ. ಊಟಕ್ಕೆ ಇರ್ತೇನೆ.”

ಅವಳು ಎದ್ದಿರಲಿಲ್ಲ. ತಳ್ಳಿದರೆ ಆ ಸೈಕಲಿನ ಹಿಂದಿನ ಚಕ್ರ ಟಿಕ್ ಟಿಕ್ ಎನ್ನುತ್ತಿತ್ತು. ಅವಳ ನಿದ್ದೆ ಕೆಡಬಾರದೆಂದು ಅವನು ಅದನ್ನು ಹೆಗಲ ಮೇಲೆ ಹೊತ್ತು ಗೇಟಿನವರೆಗೆ ಒಯ್ಯುತ್ತಿದ್ದ. ಅವಳಿಗೆ ಆ ಹೊತ್ತಿಗೆ ಯಾವಾಗಲೂ ಎಚ್ಚರವಿರುತ್ತಿತ್ತು. ಅದನ್ನೂ ಅವನಿಗೆ ಹೇಳಿರಲಿಲ್ಲ.

*

ನಾಲ್ವರು ಹೆಗಲು ಕೊಟ್ಟರು. ಮುಹ್ಸಿನಾ ಕಿಟಕಿಯ ಸರಳುಗಳ ಎಡೆಯಿಂದ ನೋಡಿದಳು. ಮುಂದೆ ಝಾಕಿರ್. ಕೊನೆಯಲ್ಲಿ, ಎಲ್ಲರಿಂದ ಸ್ವಲ್ಪ ಹಿಂದೆ, ನೀಲಿ ಲುಂಗಿಯ ಜಯಪ್ರಕಾಶ. ಲಾ ಇಲಾಹ ಇಲ್ಲಲ್ಲಾಹ್ ಎನ್ನುವ ಗಂಡಸರ ಸ್ವರ ಗೇಟು ದಾಟಿತು, ತಿರುವು ದಾಟಿತು. ಆಮೇಲೆ ಕೇಳಲಿಲ್ಲ.

ಒಂದು ಗಂಟೆ ಕಳೆದು ಗಂಡಸರು ಒಬ್ಬೊಬ್ಬರಾಗಿ ಮರಳಿದರು. ಜಯಪ್ರಕಾಶ ಅಂಗಳದ ನಳ್ಳಿಯಲ್ಲಿ ಕಾಲು ತೊಳೆದ. ಝಾಕಿರ್ ಬರಲಿಲ್ಲ.

“ಕಬರಿನ ಹತ್ತಿರ ಇದ್ದರು ಅಕ್ಕ. ಆಮೇಲೆ ನಾನು ನೋಡ್ಲಿಲ್ಲ.”

ಅವಳು ಗೋಡೆಯ ಗಡಿಯಾರ ನೋಡುತ್ತಾ ಕೂತಳು. ಚಾರ್ಜ್ ಎಷ್ಟು ಉಳಿದಿರಬಹುದೆಂದು ಯೋಚಿಸಿದಳು. ಬೇರೆ ಯಾವುದನ್ನೂ ಯೋಚಿಸಲಿಲ್ಲ.

ಝಾಕಿರ್ ಬಂದಾಗ ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಝಿಗೆ ಸ್ವಲ್ಪ ಹೊತ್ತಿತ್ತು. ಉಗುರುಗಳಲ್ಲಿ ಕೆಂಪು ಮಣ್ಣು. ಮೀಟರಿನ ಮೇಲೂ ಹೆಬ್ಬೆರಳಿನಗಲ ಮಣ್ಣು ಮೆತ್ತಿತ್ತು.

“ಸೀದಾ ಬರ್ಲಿಕ್ಕೆ ಆಗ್ಲಿಲ್ಲ,” ಅವನು ಪರದೆಗೆ ಹೇಳಿದ. “ಬಂದ್ರೆ ಉಮ್ಮನ ಮುಖ ನೋಡ್ಬೇಕಲ್ಲ. ಜಾಲ್ಸೂರಿಗೆ ಹೋಗಿ ಚಾದಂಗಡಿಯಲ್ಲಿ ಕೂತೆ. ಅಲ್ಲಿ ಒಂದು ಬೆಂಚು ಉಂಟು ಹಿಂದೆ, ಯಾರೂ ಮಾತಾಡಿಸುದಿಲ್ಲ. ಚಾ ತಂದಿಟ್ರು. ಆರಿ ಹೋಯ್ತು.”

ಮುಹ್ಸಿನಾ ಶಾಲಿನ ಅಂಚಿನಿಂದ ಮಣ್ಣು ಒರೆಸಿದಳು. ಚಾರ್ಜ್ ಎರಡು. ನಕ್ಷೆಯನ್ನು ದೊಡ್ಡದು ಮಾಡಿದಳು. ಮನೆಯಿಂದ ಗೆರೆ ಮಸೀದಿಗೆ ಹೋಗಿ, ಅದರ ಹಿಂದಿನ ತೆಂಕು ಮೂಲೆಯಲ್ಲಿ ಸುತ್ತಿ ಸುತ್ತಿ ಒಂದು ಗಂಟಾಗಿತ್ತು. ಅಲ್ಲಿಂದ ಜಾಲ್ಸೂರಿಗೆ. ಅಲ್ಲಿ ಇನ್ನೊಂದು ಸಣ್ಣ ಗಂಟು. ಆಮೇಲೆ ಮನೆಗೆ.

ಆ ಸಣ್ಣ ಗಂಟನ್ನು ಅವಳು ಬಹಳ ಹೊತ್ತು ನೋಡಿದಳು.

“ತೋರ್ಸು,” ಎಂದರು ಝೈನಬ.

ತೋರಿಸಿದಳು. ಝೈನಬ ಕನ್ನಡಕವನ್ನು ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದರು.

“ಇದಾ?”

“ಅದೇ ಮಾಮಿ.”

“ಹಾಗಾದ್ರೆ ಅವರು ಇಲ್ಲಿ.” ಗಂಟಿನ ಪಕ್ಕದ ಖಾಲಿ ಜಾಗದಲ್ಲಿ ಅವರ ಬೆರಳು ನಿಂತಿತು. “ಗೋಡೆಗೆ ಹತ್ತಿರವೇ ಉಂಟು.” ಮೀಟರನ್ನು ಹಿಂದಕ್ಕೆ ಕೊಟ್ಟು, ತಸ್ಬೀಹ್ ಎತ್ತಿಕೊಂಡರು. “ಇನ್ನೂ ಬರೀತಾ ಉಂಟಾ?”

“ಚಾರ್ಜ್ ಇರುವವರೆಗೆ.”

ಇನ್ನು ಬಟನ್ ಒತ್ತಿ ಮುಗಿಸಬೇಕಿತ್ತು. ಅವಳ ಹೆಬ್ಬೆರಳು ಅದರ ಮೇಲೇ ಇತ್ತು. ಅವಳು ಎದ್ದಳು. ಮೀಟರ್ ಬೀಪ್ ಎಂದಿತು. ಯಾರೋ ಹೊರಟರೆಂದು ಅದಕ್ಕೆ ತಿಳಿಯಿತು.

ಕೋಣೆಯಿಂದ ಅಡುಗೆ ಮನೆಯ ಹಿಂಬಾಗಿಲಿಗೆ ಹದಿನಾಲ್ಕು ಹೆಜ್ಜೆ. ನಡೆದಳು. ಲೆಕ್ಕಕ್ಕೆ ಹತ್ತು ಮೀಟರ್ ದೂರ ಕೂಡಿತು. ತಿರುಗಿ ಬಂದಳು. ಇನ್ನೂ ಹತ್ತು.