ಜೋಲಿಯ ಮೇಲಿನ ಅರಳೆ

"ಅದರ ಬಾಯಿ ನೀ ಮುಚ್ಚಸ್ತಿಯೋ, ಇಲ್ಲಾ ನಾನೇ ಬಂದು ಮುಚ್ಚಸ್ಲ್ಯೋ, ರಂಡೆ!"

ಆಳುಗಳನ್ನು ದುಡಿಸುವ ಮುಕ್ಕದಮ ಶಾಂತಲಿಂಗಪ್ಪ ಬದುವಿನ ಮೇಲೆ ನಿಂತು ಕೂಗಿದ. ಸಾಬವ್ವ ಬಗ್ಗಿದ ತಲೆ ಎತ್ತಲಿಲ್ಲ. ಎಡಗೈಯಲ್ಲಿ ತೊಗರಿ ಗಿಡದ ಬುಡ, ಬಲಗೈಯಲ್ಲಿ ಕುಡುಗೋಲು. ಹೊಲದಂಚಿನ ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಅವಳ ಏಳು ತಿಂಗಳ ಮಗಳು ಗಂಗೂ ಅಳುತ್ತಿದ್ದಳು.

"ಗೋಲಿ ಕೊಟ್ಟಿಲ್ಲೇನ ಬೇ?"

"ಕೊಟ್ಟೀನ್ರಿ."

"ಕೊಟ್ರ ಯಾಕ ವದರಾಕತ್ತದ? ಹನ್ನೊಂದು ಕೂಸು ಸುಮ್ಮ ಮಲಗ್ಯಾವ. ನಿಂದೊಂದೇನು ರಾಜನ ಮನ್ಯಾಗ ಹುಟ್ಟೇದೇನು?"

ಕೊಟ್ಟಿದ್ದು ನಿಜ. ಆದರೆ ಅರ್ಧ. ಉಳಿದ ಅರ್ಧವನ್ನು ಉಗುರಿನಿಂದ ಚಿವುಟಿ ಸೆರಗಿನ ತುದಿಗೆ ಗಂಟು ಹಾಕಿದ್ದಳು. ಹೀಗೆ ಇಪ್ಪತ್ತು ದಿನದಿಂದ ಮಾಡುತ್ತಿದ್ದಳು. ಗಂಟು ಈಗ ಕಡಲೆಕಾಳಿನಷ್ಟಾಗಿತ್ತು.

ಗೋಲಿ ಎಂದರೆ ಅಫೀಮು. ಸಾಸಿವೆಗಿಂತ ತುಸು ದೊಡ್ಡದು. ಹೊತ್ತು ಮೂಡುವಾಗ ಎಳೆಕೂಸಿನ ಆಳು ಹೆಂಗಸರು ಬಸವಂತರಾಯ ಧಣಿಯ ವಾಡೆಯ ಬಾಗಿಲಲ್ಲಿ ಸಾಲಾಗಿ ನಿಂತು ಅಂಗೈ ಚಾಚುತ್ತಿದ್ದರು. ಧಣಿಯ ಹೆಂಡತಿ ಗುರುಬಾಯಿ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ, ಬೆಳ್ಳಿಯ ಡಬ್ಬಿ ಹಿಡಿದು ಬರುತ್ತಿದ್ದಳು. ಕೈಗೆ ಕೈ ತಾಗದಂತೆ ಒಂದು ಗೇಣು ಮೇಲಿನಿಂದ ಗೋಲಿ ಬಿಟ್ಟು "ಶಿವಾ" ಎನ್ನುತ್ತಿದ್ದಳು. ಹೆಂಗಸರು ಅದನ್ನು ಕಣ್ಣಿಗೊತ್ತಿಕೊಂಡು ಕೂಸಿನ ನಾಲಿಗೆಗೆ ಸವರುತ್ತಿದ್ದರು. ಅವರ ಅವ್ವಂದಿರೂ ಅವರ ನಾಲಿಗೆಗೆ ಹೀಗೆಯೇ ಸವರಿದ್ದರು. ಸಂಜೆಯವರೆಗೆ ಕೂಸು ಏಳುತ್ತಿರಲಿಲ್ಲ. ಕೊಯ್ಲು ನಿಲ್ಲುತ್ತಿರಲಿಲ್ಲ.

ಬೇವಿನ ಕೆಳಗೆ ಕೂಸುಗಳನ್ನು ಕಾಯುವವಳು ಖಾಸೀಂಬಿ. ಎಪ್ಪತ್ತು ದಾಟಿದ ಮುದುಕಿ, ಕಣ್ಣು ಮಂಜು. ಜೋಲಿಯೊಳಗಿನ ಮುಖ ಅವಳಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಅವಳದೊಂದು ಉಪಾಯ. ಪ್ರತಿ ಕೂಸಿನ ಮೂಗಿನ ನೇರಕ್ಕೆ ಒಂದು ದಾರ ಇಳಿಬಿಟ್ಟು, ದಾರದ ತುದಿಗೆ ಬೆರಳುಗುರಿನಷ್ಟು ಅರಳೆ ಕಟ್ಟುತ್ತಿದ್ದಳು. ಗಾಳಿ ಬಡಿಯದಂತೆ ಜೋಲಿಯ ಸುತ್ತ ಹಳೆ ಸೀರೆಯ ಮರೆ. ಮರೆ ಸರಿಸಿ ಬಗ್ಗಿ, ಬಿಳಿಯ ಚುಕ್ಕಿ ಆಡುತ್ತಿದೆಯೇ ಎಂದು ನೋಡುತ್ತಿದ್ದಳು. ಆಡಿದರೆ "ಶುಕರ್" ಎಂದು ಅಲ್ಲಾನನ್ನು ನೆನೆದು ಮುಂದಿನ ಜೋಲಿಗೆ ಹೋಗುತ್ತಿದ್ದಳು. ಹನ್ನೆರಡು ಜೋಲಿ ಮುಗಿಯುವಾಗ ಮೊದಲಿನದಕ್ಕೆ ಮತ್ತೆ ಹೊತ್ತಾಗುತ್ತಿತ್ತು. ಆ ಮುದುಕಿಯ ಐದು ಹೊತ್ತಿನ ನಮಾಜಿನ ನಡುವೆ ಇದೇ ಇನ್ನೊಂದು ನಮಾಜು.

ಆಡದಿದ್ದದ್ದೂ ಇತ್ತು. ಬೇವಿನ ಬುಡದಲ್ಲಿ ಏಳು ಕಲ್ಲು. ಐದನೆಯದು ಸಾಬವ್ವನ ಚೊಚ್ಚಲ ಗಂಡುಮಗ.

ಮಧ್ಯಾಹ್ನ ಗಾಳಿ ಬಿಟ್ಟಾಗ ಒಣಗಿದ ತೊಗರಿಕಾಯಿಗಳು ಗಿಲಿಗಿಲಿ ಎನ್ನುತ್ತಿದ್ದವು. ಆಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅದು ಕೂಸಿನ ಗಿಲಕಿಯ ಸದ್ದು ಎಂದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಅಂದವರಿಲ್ಲ.

ಎಂಬತ್ಮೂರರ ಇಲೆಕ್ಷನ್ನಿಗೆ ಇನ್ನು ಆರು ದಿನವಿತ್ತು. ಬಸವಂತರಾಯ ಧಣಿ ಪಕ್ಷ ಬಿಟ್ಟು ತಾನೇ ನಿಂತಿದ್ದ. ಗುಲ್ಬರ್ಗಾದಲ್ಲಿ ಕಾಲೇಜು ಓದುತ್ತಿದ್ದ ಅವನ ಹಿರಿಮಗ ಅಫೀಮಿಗೆ ಬಿದ್ದು ಹೋದ ವರ್ಷ ತೀರಿಕೊಂಡಿದ್ದ. ಅಂದಿನಿಂದ ಧಣಿಯ ಬಾಯಲ್ಲಿ ಒಂದೇ ಮಾತು: ತಾಲೂಕಿನಲ್ಲಿ ಅಮಲು ಎಂಬುದು ಉಳಿಯಬಾರದು. ಅವನ ಎದುರಿಗೆ ನಿಂತ ಆಳಂದದ ವಕೀಲ ಬೇರೆ ಹೇಳುತ್ತಿದ್ದ: ಹಳೇ ಚಟದ ಮುದುಕರಿಗೆ ಸರಕಾರದ ಪರ್ಮಿಟ್ ಮತ್ತೆ ಕೊಡಿಸುತ್ತೇನೆ, ಒಮ್ಮೆಲೇ ಬಂದ್ ಮಾಡಿದರೆ ಮಂದಿ ಸಾಯುತ್ತಾರೆ.

ಸಿವುಡು ಕಟ್ಟುತ್ತ ರುಕ್ಮಿಣಿಬಾಯಿ ನಕ್ಕಳು. ಅವಳ ನಾಲ್ಕು ತಿಂಗಳ ಮಗನ ಜೋಲಿ ಗಂಗೂನ ಪಕ್ಕದಲ್ಲೇ ಇತ್ತು.

"ಒಬ್ಬಾಂವ ಬಂದ್ ಮಾಡ್ತೀನಿ ಅಂತಾನ, ಒಬ್ಬಾಂವ ಪರ್ಮಿಟ್ ಕೊಡಸ್ತೀನಿ ಅಂತಾನ. ನೀ ತೊಗರಿ ಕೊಯ್ಯಿ, ಕೂಸು ನಾ ಹಿಡ್ಕೋತೀನಿ ಅಂತ ಒಬ್ಬ ಸೂಳೀಮಗನೂ ಅನವಲ್ಲ."

"ಧಣ್ಯಾರಿಗೆ ಮಗನ ದುಃಖ ಅದವ್ವ," ಎಂದಳು ಸಾಬವ್ವ.

"ಅದ, ಯಾರು ಇಲ್ಲಂದ್ರು? ಆ ಹುಡುಗ ಮೊದಲ ರುಚಿ ನೋಡಿದ್ದು ಅವ್ವನ ಡಬ್ಬ್ಯಾಗ. ಡಬ್ಬಿಗಿ ಈಗ ಕೀಲಿ ಬಿದ್ದದ. ಒಗದಿಲ್ಲ ನೋಡು. ಯಾಕಂದ್ರ ತೊಗರಿ ಕೊಯ್ಲು ಅದ."

ಮರುದಿನ ಬೆಳಿಗ್ಗೆ ಗುರುಬಾಯಿಯ ಜೊತೆಗೆ ಧಣಿಯೂ ಬಾಗಿಲಿಗೆ ಬಂದ. ಅವನಿಗೆ ಸಿಕ್ಕ ಗುರುತು ತೊಟ್ಟಿಲು. ಜೀಪಿನ ಮೇಲೆ ಬಣ್ಣದ ತೊಟ್ಟಿಲು ಕಟ್ಟಿದ್ದಾಗಿತ್ತು. ಬರೀ ತೊಟ್ಟಿಲು ತೋರಿಸಿದರೆ ಮಂದಿ ನಗುತ್ತಾರೆ, ಒಳಗೆ ಕೂಸಿರಬೇಕು ಎಂದು ಯಾರೋ ಸಲಹೆ ಕೊಟ್ಟಿದ್ದರು. ಧಣಿ ಸಾಲಿನುದ್ದಕ್ಕೂ ಕೂಸುಗಳನ್ನು ನೋಡುತ್ತ ಬಂದು ಗಂಗೂನ ಮುಂದೆ ನಿಂತ. ಅರ್ಧ ಗೋಲಿಯ ಕೂಸು. ಉಳಿದವುಗಳಿಗಿಂತ ಕೆನ್ನೆ ತುಂಬಿತ್ತು, ಕಣ್ಣು ಬಿಟ್ಟು ಅವನನ್ನೇ ನೋಡಿ ಕೈ ಬೀಸಿತು.

"ಚಂದ ಅದ. ಯಾರದಿದು?"

"ಹೊಲಗೇರಿ ಹುಲೆಪ್ಪನ ಹೇಣ್ತಿದ್ರಿ," ಎಂದ ಶಾಂತಲಿಂಗಪ್ಪ. "ಅಂವ ಸೊಲ್ಲಾಪುರ ಕಡೆ ಕಬ್ಬು ಕಡ್ಯಾಕ ಹೋಗ್ಯಾನ."

"ಮೂರು ದಿನ ಕೊಡವ್ವ. ಪುಣ್ಯದ ಕೆಲಸ ಅದ. ನನ್ನ ಮಗ ಹೋದಂಗ ಇನ್ನೊಬ್ಬರ ಮಕ್ಕಳು ಹೋಗಬಾರದು." ಅವನು ನಿಜವಾಗಿಯೇ ಕಣ್ಣೊರೆಸಿಕೊಂಡ.

ಸಾಬವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. "ನಾನೂ ಬರ್ತೇನ್ರಿ, ಧಣಿ. ಮಲಿ ಕುಡಿಯೂ ಕೂಸ್ರಿ ಅದು."

"ನೀ ಜೀಪಿನ್ಯಾಗ ಕುಂತು ಮೆರಿ, ಹೊಲ ನಿಮ್ಮಪ್ಪ ಬಂದು ಕೊಯ್ತಾನ!" ಶಾಂತಲಿಂಗಪ್ಪ ಕೂಸಿಗೆ ಕೈ ಚಾಚಿದ. ಚಾಚಿದವನು ಮುಟ್ಟಬಾರದೆಂಬುದು ನೆನಪಾಗಿ ಕೈ ಹಿಂದೆಗೆದು, ಖಾಸೀಂಬಿಯತ್ತ ತಿರುಗಿದ. "ಏ ಬೂಬೂ, ನೀ ಎತ್ಕೊ. ನೀನೇ ಹೋಗು ಸಂಗಟ."

ಖಾಸೀಂಬಿ ಕೂಸನ್ನು ಎತ್ತಿಕೊಂಡಳು. "ಅಂಜಬ್ಯಾಡ ಬೇಟಿ. ನನ್ನ ಅರಳಿ ಅದ," ಎಂದು ಸಾಬವ್ವನ ತಲೆ ಸವರಿದಳು. ಗುರುಬಾಯಿ ಡಬ್ಬಿಯ ಬೀಗ ತೆಗೆದು ಮುದುಕಿಯ ಅಂಗೈಗೆ ಗೋಲಿ ಬಿಟ್ಟಳು. ಒಂದಲ್ಲ, ಮೂರು.

"ಭಾಷಣದಾಗ ಅಳಬಾರದು. ಊರಿಗೊಂದು ಕೊಡು. ಶಿವಾ."

ಸಾಬವ್ವ ಬಾಯಿ ತೆರೆದಳು. ಇಪ್ಪತ್ತು ದಿನದಿಂದ ಅರ್ಧವೇ ಕೊಡುತ್ತಿದ್ದೇನೆ, ಅದರ ಮೈಗೆ ಇಷ್ಟು ರೂಢಿಯಿಲ್ಲ ಎನ್ನಬೇಕಿತ್ತು. ಅಂದರೆ ಗೋಲಿ ಕದ್ದ ಕಳ್ಳಿ ಆಗುತ್ತಿದ್ದಳು. ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಜೀಪು ಹೊರಟಿತು.

ಮೊದಲ ದಿನ ಸಂಜೆ ಕೂಸು ಮನೆಗೆ ಬಂತು. ಎದೆಗೆ ಬಾಯಿ ಹಚ್ಚಲಿಲ್ಲ. ಎರಡನೆಯ ದಿನ ಸಂಜೆ ಕಣ್ಣು ಅರ್ಧ ತೆರೆದಿತ್ತು. ಸಾಬವ್ವ ಬೆರಳು ಅಲ್ಲಾಡಿಸಿದರೆ ಕಣ್ಣು ಹಿಂಬಾಲಿಸಲಿಲ್ಲ. ಮೂರನೆಯ ಬೆಳಿಗ್ಗೆ ಅವಳು ವಾಡೆಯ ಬಾಗಿಲಿಗೆ ಕೂಸಿಲ್ಲದೆ ಬಂದಳು. ಶಾಂತಲಿಂಗಪ್ಪ ಅವಳ ಗುಡಿಸಲಿಗೆ ಖಾಸೀಂಬಿಯನ್ನು ಕಳಿಸಿ ಕೂಸನ್ನು ತರಿಸಿದ.

"ಇವತ್ತೊಂದು ದಿನ ಬೇ. ನಾಳಿಂದ ನಿನ್ನ ರಾಣೀನ ನೀನೇ ಪೂಜಿ ಮಾಡ್ಕೊ."

ಅಂದು ಎರಡು ಊರು ಮುಗಿಸಿ ಹೊತ್ತಿಳಿಯುವಾಗ ಜೀಪು ನಿಂಬರ್ಗಾಕ್ಕೆ ಬಂತು. ಮಂದಿ ತುಂಬಲೆಂದು ಶಾಂತಲಿಂಗಪ್ಪ ಕೊಯ್ಲು ನಿಲ್ಲಿಸಿ ಹೆಂಗಸರನ್ನೆಲ್ಲ ಟ್ರಾಕ್ಟರಿಗೆ ಹೇರಿ ತಂದಿದ್ದ. ಸಾಬವ್ವ ಗುಂಪಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತಳು. ಜೀಪು ಧೂಳೆಬ್ಬಿಸಿ ಬರುತ್ತಿತ್ತು. ತೊಟ್ಟಿಲಿಗೆ ಸೀರೆಯ ಮರೆ ಇರಲಿಲ್ಲ. ಕೂಸು ಮಂದಿಗೆ ಕಾಣಬೇಕೆಂದು ಅದನ್ನು ಬಿಚ್ಚಿಸಿದ್ದರು. ಗಂಗೂನ ತಲೆಗೆ ಕೆಂಪು ಕುಂಚಿಗೆ ತೊಡಿಸಿದ್ದರು. ಮೂಗಿನ ಮೇಲೆ ಅರಳೆ ಕುಣಿಯುತ್ತಿತ್ತು.

"ಆಡಾಕತ್ತದ," ಎಂದಳು ಸಾಬವ್ವ. ರುಕ್ಮಿಣಿಬಾಯಿಯ ರಟ್ಟೆ ಹಿಡಿದು, "ಯಕ್ಕಾ, ಆಡಾಕತ್ತದ ನೋಡು," ಎಂದಳು.

ಧಣಿ ಜೀಪಿನ ಬಾನೆಟ್ಟಿನ ಮೇಲೆ ಮಗನ ಹಾರ ಹಾಕಿದ ಫೋಟೋ ಇಟ್ಟು ಮೈಕು ಹಿಡಿದ. ಮಗನ ಹೆಸರು ಹೇಳಿ ಅತ್ತ. ಗುಂಪಿನಲ್ಲಿ ಎಷ್ಟೋ ಮಂದಿ ಕಣ್ಣೊರೆಸಿಕೊಂಡರು. ಆಮೇಲೆ ಕೈ ಎತ್ತಿ ಕೂಗಿದ:

"ಈ ತಾಲೂಕಿನ್ಯಾಗ ಅಮಲು ಅನ್ನೂದು ಇರಬಾರದು! ನನ್ನ ಆರಿಸಿ ಕಳಸ್ರಿ, ಆರು ತಿಂಗಳದಾಗ ಕಾಯ್ದೆ ಅಮಲಿಗೆ ತರ್ತೀನಿ!"

"ಬಂದ್ ಮಾಡ್ತಾನಂತ, ಮತ್ತ ತರ್ತಾನಂತ!" ರುಕ್ಮಿಣಿಬಾಯಿ ಗಟ್ಟಿಯಾಗಿ ಅಂದಳು. "ಯಾದರ ಒಂದ್ ಮಾಡ್ರೆಪಾ!"

ಹೆಂಗಸರ ಗುಂಪು ಗೊಳ್ಳೆಂದು ನಕ್ಕಿತು. ಶಾಂತಲಿಂಗಪ್ಪ ಹಲ್ಲು ಕಡಿದ. ಧಣಿ ತೊಟ್ಟಿಲಿನತ್ತ ಬೆರಳು ಮಾಡಿದ. "ನೋಡ್ರಿ ಈ ಕೂಸಿನ ಮಾರಿ. ಎಷ್ಟು ಸಮಾಧಾನದಿಂದ ಮಲಗ್ಯಾದ. ಹಿಂಗ ನಿಮ್ಮ ಮಕ್ಕಳು ಮಲಗಬೇಕು."

ಆಗ ಗಾಳಿ ನಿಂತಿತು.

ಹೊತ್ತು ಮುಳುಗುವ ಮುನ್ನ ಆ ಬಯಲಲ್ಲಿ ಗಾಳಿ ಹಾಗೆ ಒಮ್ಮೆ ನಿಲ್ಲುವುದುಂಟು. ಧೂಳು ಕೆಳಗಿಳಿಯಿತು. ಜೀಪಿನ ಬಾವುಟ ಕೋಲಿಗೆ ಅಂಟಿಕೊಂಡಿತು. ಅರಳೆ ಒಂದು ಸುತ್ತು ತಿರುಗಿ ದಾರದ ತುದಿಯಲ್ಲಿ ನೇರವಾಗಿ ನಿಂತಿತು. ಸಾಬವ್ವ ಕಾದಳು. ಅವಳ ಸುತ್ತ ನಗು ಇನ್ನೂ ಮುಗಿದಿರಲಿಲ್ಲ. ಅರಳೆ ಆಡಲಿಲ್ಲ.

ಜೀಪಿನ ಹಿಂದೆ ಕೂತ ಖಾಸೀಂಬಿ ಬಗ್ಗಿ ನೋಡಿದಳು. ಮತ್ತೆ ಬಗ್ಗಿದಳು. ಮಂಜುಗಣ್ಣನ್ನು ಅರಳೆಗೆ ತಾಗುವಷ್ಟು ಹತ್ತಿರ ತಂದಳು. ಆಮೇಲೆ ಎರಡೂ ಕೈಯಿಂದ ತಲೆ ಹೊಡೆದುಕೊಂಡಳು.

"ಯಾ ಅಲ್ಲಾ! ಗಾಳಿ... ಗಾಳಿ ಆಡಸ್ತಿತ್ತಲ್ಲೋ ಇದನ್ನ! ನಾ ಮುಂಜಾನಿಂದ ಶುಕರ್ ಶುಕರ್ ಅನ್ಕೋತ ಕುಂತಿದ್ದೆ!"

ಬೇವಿನ ಬುಡದಲ್ಲಿ ಎಂಟನೆಯ ಕಲ್ಲು ಇಟ್ಟದ್ದು ಸಾಬವ್ವನೇ. ಹೊತ್ತು ಮುಳುಗಿತ್ತು. ಶಾಂತಲಿಂಗಪ್ಪ ಬದುವಿನ ಮೇಲೆ, ದೂರದಲ್ಲಿ ನಿಂತಿದ್ದ.

"ಎದಿ ಹಾಲು ಬತ್ತಿ ಹೋತು, ಅದಕ ಸತ್ತದ ಅಂತ ಹೇಳ್ರಿ. ಬ್ಯಾರೆ ಮಾತು ಊರಾಗ ಕೇಳಬಾರದು." ತುಸು ತಡೆದು ಸೇರಿಸಿದ. "ನಾಳಿ ವಾಡೆ ಮುಂದ ಕಡೀ ಸಭೆ ಅದ. ರುಕ್ಮಿಣಿ, ನಿನ್ನ ಮಗನ ತಯಾರ್ ಮಾಡು."

ಕೊಯ್ಯದೆ ಉಳಿದ ತೊಗರಿ ಗಿಲಿಗಿಲಿ ಎನ್ನುತ್ತಿತ್ತು. ಈ ಸಲ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಬೆಳಿಗ್ಗೆ ಅದೇ ಸಾಲು. ಸಾಬವ್ವ ಮೊದಲಿಗಳಾಗಿ ನಿಂತಿದ್ದಳು. ಕಂಕುಳಲ್ಲಿ ಕೂಸಿರಲಿಲ್ಲ. ಅಂಗೈ ಚಾಚಿದಳು. ಗುರುಬಾಯಿ ಕೈಗಳನ್ನಷ್ಟೇ ನೋಡುವ ಹೆಂಗಸು. ಮುಖ ನೋಡುವ ರೂಢಿ ಇರಲಿಲ್ಲ. ಗೋಲಿ ಬಿಟ್ಟಳು. "ಶಿವಾ" ಎಂದಳು.

"ಅವ್ವಾರ, ನನ್ನ ಕೂಸು ಮಲಗ್ಯಾದ್ರಿ," ಎಂದಳು ಸಾಬವ್ವ.

ಗುರುಬಾಯಿ ತಲೆ ಎತ್ತಿದಳು. ಸಾಬವ್ವ ಸೆರಗಿನ ಗಂಟು ಬಿಚ್ಚಿ, ಇಪ್ಪತ್ತು ದಿನದ ಅರ್ಧಗಳನ್ನೆಲ್ಲ ಆ ಗೋಲಿಯ ಜೊತೆ ಸೇರಿಸಿದಳು. ಆಮೇಲೆ ಅಂಗೈಯನ್ನು ನಿಧಾನವಾಗಿ ಮಗುಚಿದಳು. ಕಪ್ಪು ಕಾಳುಗಳು ರಂಗೋಲಿಯ ಮೇಲೆ ಉದುರಿದವು. ಅವಳ ಪಕ್ಕದಲ್ಲಿ ರುಕ್ಮಿಣಿಬಾಯಿ ಚಾಚಿದ ಕೈ ಮಗುಚಿದಳು. ಅವಳಾಚೆಯವಳು. ಅವಳಾಚೆಯವಳು. ಹನ್ನೆರಡು ಕೈಗಳ ಹಿಂಬದಿ ಗುರುಬಾಯಿಗೆ ಕಂಡಿತು. ಮುಳ್ಳು ಗೀಚಿದ, ಕುಡುಗೋಲು ಕಚ್ಚಿದ ಹಿಂಬದಿ. ಅವಳು ಅದನ್ನು ಹಿಂದೆಂದೂ ನೋಡಿರಲಿಲ್ಲ.

"ಸೊಕ್ಕು ಬಂತೇನ್ರಲೇ ನಿಮಗ?" ಶಾಂತಲಿಂಗಪ್ಪ ಬಾರುಕೋಲು ಎತ್ತಿದ. "ಹೊಲಕ್ಕ ನಡೀರಿ!"

ಅವರು ಹೊಲಕ್ಕೆ ಹೋಗಲಿಲ್ಲ. ವಾಡೆಯ ಮುಂದೆ ಸಭೆಗೆಂದು ಹಾಕಿದ ಚಪ್ಪರವಿತ್ತು. ಒಬ್ಬೊಬ್ಬಳೂ ತನ್ನ ಜೋಲಿ ತಂದು ಚಪ್ಪರದ ಗಳಕ್ಕೆ ಕಟ್ಟಿದಳು.

ಹೊತ್ತು ನೆತ್ತಿಗೆ ಬರುವಾಗ ಮೊದಲ ಕೂಸು ಅತ್ತಿತು. ಆಮೇಲೆ ಎರಡನೆಯದು. ಗೋಲಿ ತಪ್ಪಿದ ಕೂಸಿನ ಅಳು ಹಸಿವಿನ ಅಳುವಿನಂತಲ್ಲ. ಅದು ಮೈ ಬಿಲ್ಲಾಗಿಸಿ, ಮುಷ್ಟಿ ಬಿಗಿದು ಹೊಟ್ಟೆಯ ತಳದಿಂದ ಎದ್ದು ಬರುತ್ತದೆ. ತಾಯಂದಿರು ತೂಗುತ್ತ, ತಾವೂ ಅಳುತ್ತ ನಿಂತರು, ಬಿಟ್ಟು ಕದಲಲಿಲ್ಲ. ಹನ್ನೊಂದು ಕೊರಳು ಒಂದಾದವು. ಆ ಊರಲ್ಲಿ ಹಗಲು ಹೊತ್ತು ಕೂಸಿನ ಅಳು ಕೇಳಿದ್ದೇ ಯಾರಿಗೂ ನೆನಪಿರಲಿಲ್ಲ. ಮಂದಿ ಕೆಲಸ ಬಿಟ್ಟು ಬಂದು ನಿಂತರು. ಮುದುಕರು ಕಿವಿಗೆ ಕೈ ಹಚ್ಚಿ ಕೇಳಿದರು. ಅವರೂ ಒಂದು ಕಾಲಕ್ಕೆ ಆ ಬೇವಿನ ಕೆಳಗೆ ಮಲಗಿದ್ದವರು.

ಧಣಿ ಮೈಕು ಹಿಡಿದ. ಬಾಯಿ ಆಡಿತು. ಅಮಲು ಎಂದನೋ, ಮಗನ ಹೆಸರೆಂದನೋ, ಯಾರಿಗೂ ಕೇಳಲಿಲ್ಲ. ಶಾಂತಲಿಂಗಪ್ಪ ಗುರುಬಾಯಿಯ ಕಡೆಗೆ ಓಡಿದ.

"ಅವ್ವಾರ, ಗೋಲಿ ಕೊಡ್ರಿ! ಲಗೂನ ಗೋಲಿ ಕೊಡ್ರಿ!"

ಆ ಕೂಗು ಮಾತ್ರ ಮೈಕಿಗೆ ಬಿತ್ತು. ಊರಿಗೆಲ್ಲ ಕೇಳಿತು. ಧಣಿ ತಿರುಗಿ ಹೆಂಡತಿಯ ಕೈಯಲ್ಲಿದ್ದ ಡಬ್ಬಿಯನ್ನು, ಆಮೇಲೆ ಮೇಜಿನ ಮೇಲಿದ್ದ ಮಗನ ಫೋಟೋವನ್ನು ನೋಡಿದ. ಮೈಕು ಹಿಡಿದ ಕೈ ಇಳಿಯಿತು. ಗುರುಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ಕೂತಳು.

ಚಪ್ಪರದ ತುದಿಯಲ್ಲಿ ಹನ್ನೆರಡನೆಯ ಜೋಲಿ. ಅದನ್ನು ಕಟ್ಟಿದವಳು ಖಾಸೀಂಬಿ. ಒಳಗೆ ಕೆಂಪು ಕುಂಚಿಗೆ ಮಾತ್ರ ಇತ್ತು. ದಾರ ಇಳಿಬಿಟ್ಟು, ಹೊಸ ಅರಳೆ ಕಟ್ಟಿ, ಈ ಸಲ ಮುದುಕಿ ಸುತ್ತಲೂ ಸೀರೆಯ ಮರೆಯನ್ನು ಎರಡು ಸುತ್ತು ಬಿಗಿದಿದ್ದಳು. ಗಾಳಿ ನುಸುಳಲು ಸಂದಿ ಬಿಟ್ಟಿರಲಿಲ್ಲ.

ಸಾಬವ್ವ ಆ ಜೋಲಿಯ ಮುಂದೆ ಮಂಡಿಯೂರಿದಳು. ಮರೆಯನ್ನು ಒಂದು ಬೆರಳಿನಷ್ಟು ಸರಿಸಿ, ತನ್ನ ಉಸಿರು ತಾಗದಿರಲೆಂದು ಉಸಿರು ಹಿಡಿದು ಇಣುಕಿದಳು.

ಅರಳೆ ಆಡುತ್ತಿತ್ತು.