ಮೈಗೆ ತಕ್ಕ ತೇಲುಹಲಗೆ

ಹಿನ್ನೀರು ಏರಿತೆಂದರೆ ಸವದತ್ತಿ ಕಡೆಯ ಒಂದು ಊರಿನವರಿಗೆ ಆಚೆ ದಂಡೆಯ ಹೊಲದ ದಾರಿಯೇ ಮುಳುಗುತ್ತದೆ. ಸಾವಿತ್ರೆವ್ವನ ಗಂಡ ಮಡಿವಾಳೆಪ್ಪ ಸುತ್ತು ಹಾಕಿ ಹೊಲಕ್ಕೆ ಹೋಗಿ, ಹೊತ್ತು ಮುಳುಗಿದ ಮೇಲೆ ಮನೆ ಸೇರುತ್ತಿದ್ದ. ಪಕ್ಕದ ಮನೆಯ ರಮೀಜ ಮಾತ್ರ ಥರ್ಮಾಕೋಲಿನ ಮೇಲೆ ಪ್ಲೈವುಡ್ ಬಿಗಿದ ತೇಲುಹಲಗೆ ಮಾಡಿಸಿಕೊಂಡಿದ್ದ. ಅದರ ಮೇಲೆ ನಿಂತು ಹುಟ್ಟು ಹಾಕುತ್ತ ಬೇಗ ಬಂದುಬಿಡುತ್ತಿದ್ದ. ಅವನ ಹೆಂಡತಿ ಜನ್ನತ ನಕ್ಕರೂ ಸಾವಿತ್ರೆವ್ವನ ಹೊಟ್ಟೆ ಉರಿಯುತ್ತಿತ್ತು. ಆ ಉರಿಗೆ ಕಟ್ಟಿಗೆ ಬೇಕೇ, ಸೀಮೆಎಣ್ಣೆ ಬೇಕೇ?

ಒಂದು ಮಧ್ಯಾಹ್ನ ರಮೀಜ ಹಲಗೆಯನ್ನು ದಂಡೆಯಲ್ಲಿ ಬಿಟ್ಟು ಊಟಕ್ಕೆ ಹೋಗಿದ್ದ. ಯಾರೂ ಇಲ್ಲದ್ದು ನೋಡಿ ಸಾವಿತ್ರೆವ್ವ ದಾರ ಹಿಡಿದು ಅದನ್ನು ಅಳೆಯತೊಡಗಿದಳು. ಬಡಿಗ ಶಟ್ಟೆಪ್ಪನಿಗೆ ಇದೇ ಅಳತೆ ಕೊಡುವುದು, ಉದ್ದ ಮಾತ್ರ ಒಂದು ಗೇಣು ಹೆಚ್ಚು! ಅಷ್ಟರಲ್ಲಿ ಕೊಡ ಹಿಡಿದು ಜನ್ನತ ಬಂದಳು.

"ಇದು ನಿಮ್ಮ ಮನಿಯವರಿಗೆ ಆಗಂಗಿಲ್ರಿ, ಅಕ್ಕಾರ."

"ನಾವೂ ಒಂದ ಮಾಡಿಸಿದ್ರ ನಿನಗ್ಯಾಕ ಹೊಟ್ಟಿಕಿಚ್ಚ?"

"ನನ್ನ ಜಂಪರಿನ ಅಳತಿ ಕೊಟ್ಟು ನೀವು ಹೊಲಿಸಿಕೊಂತೀರೇನ್ರಿ? ನಮ್ಮವರು ಕಡ್ಡಿ ಹಂಗ ಅದಾರ. ಅಣ್ಣಾರು ಗಟ್ಟಿ ಆಳು. ಮೈತೂಕ ನೋಡಿ ಹಲಗಿ ಆರಿಸಬೇಕ್ರಿ."

ಎಲ್ಲಾ ಬಣ್ಣದ ಮಾತು ಎಂದುಕೊಂಡ ಸಾವಿತ್ರೆವ್ವ ಮರುದಿನ ಜನ್ನತ ದಂಡೆಯಲ್ಲಿದ್ದಾಗ ಗಂಡನನ್ನೇ ಆ ಹಲಗೆಯ ಬಳಿ ಕರೆತಂದಳು. "ಹತ್ತಿ ತೋರಸ್ರಿ ಆಕಿಗೆ!"

"ನನಗ ಈಜು ಬರಂಗಿಲ್ಲಬೇ," ಎಂದ ಮಡಿವಾಳೆಪ್ಪ.

ಜನ್ನತ ಓಡಿಹೋಗಿ ಗಂಡನ ತೇಲುವ ಜಾಕೀಟು ತಂದಳು. "ಇದನ್ನ ಹಾಕ್ಕೊಳ್ರಿ, ಅಣ್ಣಾರ. ಮೊಣಕಾಲುದ್ದ ನೀರು ದಾಟಬ್ಯಾಡ್ರಿ."

ಅವನು ಹತ್ತಿ ನಿಂತದ್ದೇ ತಡ, ಹಲಗೆ ಕುಸಿದು ಪಾದದ ಮೇಲೆ ನೀರು ಹರಿಯಿತು. ಅತ್ತ ವಾಲಿತು, ಇತ್ತ ವಾಲಿತು, ಅವನನ್ನು ನೀರಿಗೆ ಒಗೆದೇಬಿಟ್ಟಿತು. ಕೆಮ್ಮುತ್ತಿದ್ದ ಗಂಡನ ರಟ್ಟೆಯನ್ನು ಸಾವಿತ್ರೆವ್ವ ಸೀರೆ ಸಮೇತ ನೀರಿಗೆ ನುಗ್ಗಿ ಹಿಡಿದಳು.

"ನಡು ಹಿನ್ನೀರಾಗ ಆಗಿದ್ರ..." ಎಂದಳು. ತನ್ನ ಮತ್ಸರ ಕುಂಕುಮವನ್ನೇ ಅಳಿಸಿಬಿಡುತ್ತಿತ್ತು ಎಂದು ನಾಚಿಕೆಯಿಂದ ಕುಗ್ಗಿದಳು.

ಸೆರಗಿನ ನೀರು ಹಿಂಡುತ್ತ ಕೇಳಿದಳು: "ನಮಗ ಎಂಥಾದ್ದು ಬೇಕವಾ, ಜನ್ನತ?"

"ಅಗಲ ಬೇಕ್ರಿ, ದಪ್ಪ ಬೇಕು. ಬುಟ್ಟಿ ಹೊತ್ತು ನಿಂತ್ರೂ ಪಾದಕ್ಕ ನೀರು ಮುಟ್ಟಬಾರದು. ಹುಟ್ಟು ಆಳಿಗಿಂತ ಒಂದ ಗೇಣು ಎತ್ತರ ಇರಲಿ. ಮೊದಲ ದಂಡಿ ಮಗ್ಗಲಾಗ ಕಲೀಲಿ. ಗಾಳಿ ಜೋರಾದ ದಿನ ಸುತ್ತಿನ ದಾರೀನ ಛಲೋ."

ಈಗ ಮಡಿವಾಳೆಪ್ಪ ಅಗಲ ಹಲಗೆಯ ಮೇಲೆ, ಜಾಕೀಟು ತೊಟ್ಟು ಬರುತ್ತಾನೆ. ರಮೀಜ ಮುಂದೆ ಹೋದಾಗ ಸಾವಿತ್ರೆವ್ವನಿಗೆ ಇನ್ನೂ ಒಂದಿಷ್ಟು ಉರಿಯುತ್ತದೆ. "ಹಿಂದ ಬಂದ್ರ ಬರಲಿ, ಬರ್ತಾರಲ್ಲ," ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮೊದಲ ಹಲಗೆ ಕೊಳ್ಳುವಾಗ ನೆರೆಮನೆ ನೋಡಬೇಡಿ, ನಿಮ್ಮ ತೂಕ ನೋಡಿ. ಜಾಕೀಟಿಲ್ಲದೆ ನೀರಿಗಿಳಿಯಬೇಡಿ. ಯಾರ ಹಲಗೆ ಯಾರದ್ದಕ್ಕಿಂತ ದೊಡ್ಡದು ಎಂದು ನೀರು ಕೇಳುವುದಿಲ್ಲ, ಮುಳುಗಿಸಿಬಿಡುತ್ತದೆ.