ಪ್ರತಿವಾದಿ ಶಂಕರಲಿಂಗಪ್ಪ

ಶಿರಸ್ತೇದಾರ್ ಶಂಕರಲಿಂಗಪ್ಪನವರ ಬಾಯಿಂದ 'ಆಗೋದಿಲ್ಲ' ಎಂಬ ಮಾತು ಕೇಳಿದ ವಕೀಲ ನಮ್ಮ ಕೋರ್ಟಿನಲ್ಲಿ ಒಬ್ಬನೂ ಇಲ್ಲ. ಆದರೆ ಅವರು ಕೆಂಪು ಪೆನ್ನಿನ ಮುಚ್ಚಳ ತೆಗೆದರೆಂದರೆ ದಾವೆ ವಾಪಸ್ಸು ಬಂತೆಂದೇ ಅರ್ಥ. ಬೆಟ್ಟದ ಬಂಡೆ ಕಾದು ಊರೆಲ್ಲ ಬೆವರುವ ಏಪ್ರಿಲಿನಲ್ಲೂ ಮೈಮೇಲಿನ ಕಂದು ಕೋಟು ಕಳಚದೆ, ಮೊದಲ ಪುಟದಿಂದ ಕೊನೆಯ ಸಹಿಯವರೆಗೆ ತುಟಿಯಲ್ಲೇ ಓದಿ, ಕೊರತೆಯನ್ನು ಅಂಚಿನಲ್ಲಿ ಗುರುತಿಸಿ, "ತಿದ್ಕಂಡ್ ಬನ್ನಿ ಸ್ವಾಮಿ" ಎಂದು ಕೈಗಿಡುತ್ತಿದ್ದರು. ವಕೀಲಿಯ ಮೊದಲ ವರ್ಷ ಅವರನ್ನು ಶಪಿಸಿದಷ್ಟು ನಾನು ಇನ್ನಾರನ್ನೂ ಶಪಿಸಿಲ್ಲ.

ಪುರವರದ ರೇಣುಕಯ್ಯ ಶಪಿಸಿ ಸುಮ್ಮನಾಗುವ ಕುಳವಲ್ಲ. ಅಣ್ಣನ ಮೇಲಿನ ಭಾಗದ ದಾವೆಯಲ್ಲಿ ನಾಲ್ಕೂ ದಿಕ್ಕಿನ ನೆರೆಹೊಲದವರ ಹೆಸರಿರಬೇಕಾದ ಜಮೀನಿನ ಚಕ್ಕುಬಂದಿಗೆ ಮೂರೇ ದಿಕ್ಕು ಬರೆಸಿದ್ದ. ಉತ್ತರದ ಹೊಲದವನೊಂದಿಗೆ ಅವನಿಗೆ ಮಾತಿಲ್ಲ. "ಅವನ ಹೆಸ್ರು ನನ್ ಕಾಗ್ದದ ಮೇಲೆ ಬೀಳಕೂಡ್ದು" ಎಂಬ ಹಟ. ಮೂರು ಸಲ ದಾವೆ ಹಿಂತಿರುಗಿದಾಗ ರೇಗಿ, ಸರ್ಕಾರಿ ನೌಕರನ ಮೇಲೆ ಹೋಗುವ ಮುನ್ನ ಕೊಡಬೇಕಾದ ನೋಟಿಸು ಕೊಟ್ಟು, ಎರಡು ತಿಂಗಳು ಕಾದು, ತನ್ನ ಕಾಗದ ತಡೆದರೆಂದು ಶಿರಸ್ತೇದಾರರ ಮೇಲೆಯೇ ದಾವೆ ತಂದ.

ಆ ಕಾಗದ ಬಂದದ್ದೂ ಅವರದೇ ಮೇಜಿಗೆ. ಮುಟ್ಟದೆ ಪಕ್ಕದ ಗುಮಾಸ್ತೆ ರಾಧಾಮಣಿಯವರತ್ತ ಕಳಿಸಿದರು. ಆಕೆ ಓದಿ, "ಪ್ರತಿವಾದಿ ತಂದೆ ಹೆಸ್ರೇ ಇಲ್ಲ, ವಾಪಸ್ ಕೊಡ್ಲಾ ಸಾರ್?" ಎಂದರು. ನಿವೃತ್ತಿಗೆ ನಾಲ್ಕೇ ತಿಂಗಳಿತ್ತು. ಹ್ಞೂಂ ಎಂದಿದ್ದರೆ ಅಷ್ಟು ದಿನ ನೆಮ್ಮದಿಯಾಗಿ ಕಳೆಯಬಹುದಿತ್ತು. ಈ ಮಹಾನುಭಾವರು ಎದುರಿಗೇ ನಿಂತಿದ್ದ ರೇಣುಕಯ್ಯನತ್ತ ತಿರುಗಿ, "ನಮ್ಮಪ್ಪನ ಹೆಸ್ರು ನಾಗಲಿಂಗಯ್ಯ, ಬರ್ಕಳಪ್ಪ. ಇನ್ನೊಂದ್ಸಲ ಅಲೀಬ್ಯಾಡ" ಎಂದರು.

ಅವರ ಪರ ವಕಾಲತ್ತು ಹಾಕಿದವನು ನಾನು. ಮೂವತ್ನಾಲ್ಕು ವರ್ಷ ಊರವರ ಹೆಸರು ಕೂಗಿಸಿದವರು ತಮ್ಮ ಹೆಸರು ಕೂಗಿದ ದಿನ ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡು ಬಂದಿದ್ದರು. "ಕಳಂಕ ಹೊತ್ಕಂಡೇ ಮನೆಗೋಗ್ಬೇಕಾ ಸ್ವಾಮಿ?" ಎಂದರು.

ನಿವೃತ್ತಿಯ ಹಿಂದಿನ ವಾರ ಆದೇಶವಾಯಿತು. ಸದುದ್ದೇಶದಿಂದ ಮಾಡಿದ ಕರ್ತವ್ಯಕ್ಕಾಗಿ ಕೋರ್ಟಿನ ನೌಕರನ ಮೇಲೆ ದಾವೆ ನಡೆಯದು. ಕಾಗದ ಹಿಂತಿರುಗಿದ ಬಗ್ಗೆ ತಕರಾರಿದ್ದರೆ ನ್ಯಾಯಾಧೀಶರ ಮುಂದೆಯೇ ಹೇಳಿಕೊಳ್ಳಬೇಕು ಎಂದು ದಾವೆ ವಜಾ ಆಯಿತು. ಶಂಕರಲಿಂಗಪ್ಪನವರು ಹೊರಗೆ ಬೆಂಚಿನ ಮೇಲೆ ಕುಸಿದು ಕೂತು, "ಉಸ್ರು ಬಂದಂಗಾಯ್ತು ಕಣಪ್ಪ" ಎಂದರು. ಅದುವರೆಗೆ ನನ್ನನ್ನೂ ಸ್ವಾಮಿ ಎನ್ನುತ್ತಿದ್ದವರು. ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ.

ಹೊಸ್ತಿಲಲ್ಲಿ ಕೂತು ತಪ್ಪು ತೋರಿಸುವ ಇಂಥವರು ಯಾರಿಗೂ ಪ್ರಿಯರಾಗುವುದಿಲ್ಲ. ಕಾನೂನು ಅವರಿಗಿತ್ತ ರಕ್ಷಣೆಯೂ ದೊಡ್ಡದಲ್ಲ, ದುರುದ್ದೇಶದವನನ್ನು ಅದು ಕಾಯದು. ಆದರೆ ಅಂದು ಅವರು ಸೋತಿದ್ದರೆ, ಅವರ ನಂತರ ಆ ಮೇಜಿಗೆ ಬರುವವರು ಯಾರ ಕಾಗದವನ್ನೂ ಓದುತ್ತಿರಲಿಲ್ಲ. ಹೆದರಿ, ಸುಮ್ಮನೆ ಮೊಹರು ಒತ್ತಿ ಒಳಗೆ ಕಳಿಸುತ್ತಿದ್ದರು.